ದಿನಕ್ಕೊಂದು ಗಿಂಡಿ ನೀರು

ಬಾಯಾರಿಕೆ ಅಂದರೇನು ಎಂದು ನನ್ನನ್ನು ಕೇಳಬೇಕು. ಬಿಸಿಲಲ್ಲಿ ನಡೆದು ಬಂದು ಒಂದು ಚೊಂಬು ನೀರನ್ನು ಗಟಗಟ ಇಳಿಸಿ 'ಅಬ್ಬಾ' ಎನ್ನುವವರಿಗೆ ಅದು ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಕುಡಿಯುವ ಸುಖ. ಬಾಯಾರಿಕೆ ಅಂದರೆ ಬೆಳಗ್ಗೆ ಎದ್ದ ಕೂಡಲೇ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುವುದು, ಅದನ್ನು ಬಿಡಿಸಿಕೊಳ್ಳಲು ಎಷ್ಟು ನೀರು ಖರ್ಚು ಮಾಡಬೇಕು ಎಂದು ಹಾಸಿಗೆಯಲ್ಲೇ ಕೂತು ಯೋಚಿಸುವುದು. ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕುವ ಸದ್ದು ಕೇಳಿ ಆ ಗಿಡದ ಮೇಲೆ ಹೊಟ್ಟೆಕಿಚ್ಚು ಪಡುವುದು. ದಾಸವಾಳದ ಗಿಡದ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಇಡೀ ಸಿದ್ದಾಪುರ ಪೇಟೆಯಲ್ಲಿ ನಾನೊಬ್ಬಳೇ ಇರಬೇಕು.

ಇದು ತೊಂಬತ್ತರ ದಶಕದ ಕೊನೆಯಲ್ಲಿ ಶುರುವಾದದ್ದು. ನಮ್ಮನೆಯವರದು ಪೇಟೆಯಲ್ಲಿ ಮಿಕ್ಸಿ, ಫ್ಯಾನು, ರೇಡಿಯೋ ರಿಪೇರಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಇವರು, ನಾನು, ಅತ್ತೆ. ಮದುವೆಯಾಗಿ ಹತ್ತು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ಆ ವರ್ಷ ನನಗೆ ಬೆಳಗ್ಗೆ ಎದ್ದರೆ ವಾಂತಿ, ಮುಖ ಊದಿದ ಹಾಗೆ, ಕಾಲು ಭಾರ. ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಆದರೆ ಬಾವಿಯಿಂದ ನೀರು ಸೇದಲು ಬಿಡಲಿಲ್ಲ, ಹುಳಿ ಮಾವಿನ ಅಪ್ಪೆಮಿಡಿ ಹುಡುಕಿ ತಂದು ಎದುರಿಗಿಟ್ಟರು. ಅವರು ಯಾಕೆ ಅಷ್ಟು ಖುಷಿಯಲ್ಲಿದ್ದಾರೆಂದು ನನಗೂ ಗೊತ್ತಿತ್ತು, ನಾನೂ ಆಸೆಪಟ್ಟಿದ್ದೆ. ಪಾದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲತೊಡಗಿದಾಗ ಶಿರಸಿಯ ಡಾಕ್ಟರ ಹತ್ತಿರ ಹೋದೆವು.

ಅಲ್ಲಿ ರಕ್ತ ಕೊಟ್ಟು, ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಬೆಂಚಿನ ಮೇಲೆ ಕೂತದ್ದು ಇನ್ನೂ ನೆನಪಿದೆ. ಎದುರಿಗೆ ತುಂಬು ಬಸುರಿಯೊಬ್ಬಳು ಕೂತಿದ್ದಳು. ಅವಳು ನನ್ನ ಊದಿದ ಕಾಲು ನೋಡಿ ನಕ್ಕು, ತನ್ನ ಕಾಲನ್ನೂ ಸೀರೆ ಸರಿಸಿ ತೋರಿಸಿದಳು. ನಾನೂ ನಕ್ಕೆ. ಅಷ್ಟರಲ್ಲಿ ಒಳಗೆ ಕರೆದರು. ಡಾಕ್ಟರು ನನ್ನ ಮುಖ ನೋಡಿ, "ನೀವು ಸ್ವಲ್ಪ ಹೊರಗೆ ಕೂತಿರಿ" ಅಂದರು. ಕಿಡ್ನಿ ನನ್ನದು, ಮಾತು ಇವರ ಹತ್ತಿರ! ಬಾಗಿಲ ಪರದೆಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಎರಡೂ ಮೂತ್ರಪಿಂಡ ಕುಗ್ಗಿಹೋಗಿವೆ, ತಡವಾಗಿದೆ, ಹುಬ್ಬಳ್ಳಿಗೆ ಹೋಗಬೇಕು. ಇವರು ಹೊರಗೆ ಬಂದು, "ಎಂತದೂ ಇಲ್ಲೆ ಹೇಳಿದ್ದ, ಸ್ವಲ್ಪ ನಂಜಿದ್ದಡ" ಅಂದರು. "ನೀವು ಸುಳ್ಳು ಹೇಳಲೆ ಕಲಿಯಕ್ಕು" ಅಂದೆ. ಊರಿನ ಬಸ್ಸು ಹತ್ತಿದೆವು. ಕಾನಸೂರು ದಾಟುವಾಗ ಇವರು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದರು.

ಕಿಡ್ನಿ ಹೇಗೆ ಕೆಲಸ ಮಾಡುತ್ತದೆ ಎಂದು ಪುಸ್ತಕದಲ್ಲಿ ಬರೆದಿರುತ್ತದೆ, ಓದಿಕೊಳ್ಳಿ. ನನಗೆ ಅರ್ಥವಾದದ್ದು ಇಷ್ಟು. ಆರೋಗ್ಯವಂತರು ಕುಡಿದದ್ದು ಹೊರಗೆ ಹೋಗುತ್ತದೆ. ನಾನು ಕುಡಿದದ್ದು ಒಳಗೇ ಉಳಿಯುತ್ತದೆ, ಮೊದಲು ಕಾಲಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕಡೆಗೆ ಶ್ವಾಸಕೋಶದಲ್ಲಿ. ಹೆಚ್ಚು ಕುಡಿದರೆ ಕೂತಲ್ಲೇ ಮುಳುಗುತ್ತೇನೆ. ಹಾಗಾಗಿ ವಾರಕ್ಕೆರಡು ಸಲ ಹುಬ್ಬಳ್ಳಿಯಲ್ಲಿ ಮಶೀನಿಗೆ ರಕ್ತ ಕೊಟ್ಟು ತೊಳೆಸಿಕೊಳ್ಳಬೇಕು, ಮಿಕ್ಕ ದಿನಗಳಲ್ಲಿ ಅಳತೆಯ ನೀರು. ಬೇರೆಯವರ ಕಿಡ್ನಿ ಹಾಕುವ ಮಾತೂ ಬಂತು. ಇವರದು ಹೊಂದಲಿಲ್ಲ, ನನ್ನ ಅಣ್ಣನಿಗೆ ಸಕ್ಕರೆ ಕಾಯಿಲೆ. ಅತ್ತೆ ಡಾಕ್ಟರ ಎದುರಿಗೆ ಸೊಂಟ ತಟ್ಟಿ ತೋರಿಸಿ, "ಎನ್ನದು ತೆಗೀರಿ. ಇಷ್ಟು ವರ್ಷ ಒಂದು ದಿನ ಜ್ವರ ಬಂದವಳಲ್ಲ ಆನು" ಅಂದರು. ಡಾಕ್ಟರು ನಕ್ಕು, "ನಿಮ್ಮ ವಯಸ್ಸಿಗೆ ಆಗೋದಿಲ್ಲ ಅಮ್ಮಾ" ಅಂದರು. ಅತ್ತೆಗೆ ಆ ನಗು ಹಿಡಿಸಲಿಲ್ಲ. ಊರು ಮುಟ್ಟುವವರೆಗೂ ಆ ಡಾಕ್ಟರನ್ನು ಬೈದರು.

ನನ್ನ ಅಳತೆಗೆ ಒಂದು ಗಿಂಡಿ ಗೊತ್ತಾಯಿತು. ಅತ್ತೆ ತವರಿನಿಂದ ತಂದಿದ್ದ ತಾಮ್ರದ ಪುಟ್ಟ ಗಿಂಡಿ, ಬದಿಯಲ್ಲಿ ನೀರು ಸುರಿಯುವ ಸಣ್ಣ ಮೂತಿ. ಬೆಳಗ್ಗೆ ಅದನ್ನು ಕಂಠದವರೆಗೆ ತುಂಬಿಸಿಟ್ಟರೆ ಅದೇ ನನ್ನ ಇಡೀ ದಿನದ ನೀರು. ಚಹಾ ಕುಡಿದರೆ ಅಷ್ಟು ನೀರನ್ನು ಗಿಂಡಿಯಿಂದ ಚೆಲ್ಲಬೇಕು. ಮಜ್ಜಿಗೆ ಬೇಕಾದರೂ ಅಷ್ಟೇ. ಮಾತ್ರೆ ನುಂಗಲಿಕ್ಕೂ ಅದರಿಂದಲೇ. ತುಂಬಿಸುವ ಕೆಲಸ ಅತ್ತೆಯದು. ಸ್ನಾನ ಮಾಡಿ, ದೇವರಿಗೆ ನೀರಿಟ್ಟು, ಆಮೇಲೆ ನನ್ನ ಗಿಂಡಿ.

ಈಗ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಯಾರೇ ಮನೆಗೆ ಬರಲಿ, ಜಗಲಿ ಹತ್ತಿದ ಕೂಡಲೇ "ಆಸ್ರಿಗೆ ಎಂತ ಬೇಕು?" ಎಂದು ಕೇಳುತ್ತೇವೆ. ದಣಿದು ಬಂದವರಿಗೆ ಕುಡಿಯಲು ಏನು ಕೊಡಲಿ ಎಂದರ್ಥ. ನೀರು-ಬೆಲ್ಲ, ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ, ಏನಾದರೂ ಒಂದು ಕೊಡದೆ ಮಾತು ಶುರುವಾಗುವುದಿಲ್ಲ. ಕೇಳದೆ ಹೋದರೆ ಅದು ದೊಡ್ಡ ಅವಮಾನ. ಕೊಟ್ಟದ್ದನ್ನು ಬೇಡ ಅಂದರೂ ಅವಮಾನ. ನನಗೆ ಕಿಡ್ನಿ ಹೋಗಿದೆ ಎಂದು ಗೊತ್ತಾದ ಮೇಲೆ ನೋಡಲು ಬರುವವರ ಸಾಲೇ ಸಾಲು. ಹಾಸಿಗೆ ಹಿಡಿದಿರಲಿಲ್ಲವಲ್ಲ, ಹಾಗಾಗಿ ಪಾನಕ ಮಾಡಿಕೊಡುವವಳೂ ನಾನೇ. ಅವರು ಎದುರಿಗೆ ಕೂತು ಲೋಟ ಬಾಯಿಗಿಟ್ಟು ಕುಡಿಯುತ್ತಾ ನನ್ನ ಕಷ್ಟಕ್ಕೆ ಮರುಗುವರು. ನಾನು ಅವರ ಗಂಟಲು ಮೇಲೆ ಕೆಳಗೆ ಆಗುವುದನ್ನು ನೋಡುತ್ತಾ ಕೂತಿರಬೇಕು. ಬೇರೆ ಕಡೆ ಎದ್ದು ಹೋದರೆ, "ಪಾಪ, ರೋಗ ಬಂದ್ಮೇಲೆ ಸ್ವಭಾವ ಸಿಡುಕಾಯ್ದು" ಅನ್ನುವರು. ಸಿಡುಕು ನನಗೆ ರೋಗಕ್ಕಿಂತ ಮುಂಚೆಯೇ ಇತ್ತು, ಅದು ಬೇರೆ ಮಾತು.

ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಔಷಧ ಹೇಳಿಯೇ ಹೋಗುತ್ತಿದ್ದರು. ನಮ್ಮ ಕಡೆ ಕಿಡ್ನಿ ಅಂದರೆ ಜನರಿಗೆ ಗೊತ್ತಿರುವುದು ಒಂದೇ, ಕಲ್ಲು. ಮನೆಗೊಬ್ಬರಿಗೆ ಕಲ್ಲಾಗಿರುತ್ತದೆ. "ಕಿಡ್ನಿ ಅಂದ್ರೆ ಎಂತ ಮಹಾ ಬಿಡೆ. ನಮ್ಮ ಭಾವಂಗೆ ಕಡಲೆಕಾಳಿನಷ್ಟು ಕಲ್ಲು ಇದ್ದಿತ್ತು. ಬಾಳೆದಿಂಡಿನ ರಸ ಕುಡದ, ಎಳನೀರು ಕುಡದ, ಹೋತು" ಎಂದು ಒಬ್ಬರು. "ನೀರು ಜಾಸ್ತಿ ಕುಡಿಯಕ್ಕು ತಂಗಿ, ಕಡಿಮೆ ಕುಡದ್ರೇ ಇದು ಬಪ್ಪದು" ಎಂದು ಇನ್ನೊಬ್ಬರು, ನನ್ನ ಪಾನಕ ಕುಡಿದು ಬಾಯಿ ಒರೆಸಿಕೊಳ್ಳುತ್ತಾ. ನನ್ನದು ಕಲ್ಲಲ್ಲ, ಕಿಡ್ನಿಯೇ ಸತ್ತಿದೆ ಅಂದರೆ, "ಹಂಗೆಲ್ಲ ಕೆಟ್ಟ ಮಾತು ಆಡಲಾಗ" ಅನ್ನುವರು. ಅತ್ತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮಾವನವರಿಗೆ ಕಲ್ಲಾದಾಗ ಬಾಳೆದಿಂಡು ಜಜ್ಜಿ ರಸ ಹಿಂಡಿ ಕುಡಿಸಿ ವಾಸಿ ಮಾಡಿದವರು ಅವರೇ.

ವಾರಕ್ಕೆರಡು ದಿನ ಬೆಳಗಿನ ಮೊದಲ ಬಸ್ಸು, ಜೊತೆಗೆ ಇವರು. ಮುಂಡಗೋಡದ ಮೇಲೆ ಹೋಗುವ ಬಸ್ಸು ಬೇಗ ಮುಟ್ಟಿಸುತ್ತಿತ್ತು, ಆದರೂ ನಾನು ಯಲ್ಲಾಪುರದ ಮೇಲಿನದನ್ನೇ ಹಿಡಿಯುತ್ತಿದ್ದೆ. ಯಲ್ಲಾಪುರ ನನ್ನ ತವರು. ಒಂದು ರಾತ್ರಿ ಅಲ್ಲಿ ಉಳಿಯಬೇಕೆಂದರೂ ಆಗುತ್ತಿರಲಿಲ್ಲ, ಮಶೀನಿನ ದಿನ ತಪ್ಪಿದರೆ ಜೀವ ತಪ್ಪುತ್ತದೆ. ಹೋಗುವಾಗ ಮಶೀನಿಗೆ ತಡವಾಗುತ್ತದೆಂಬ ಹೆದರಿಕೆ, ಬರುವಾಗ ತಲೆ ಎತ್ತಲಾಗದ ಸುಸ್ತು. ಬಸ್ಸು ಸ್ಟ್ಯಾಂಡಿನಲ್ಲಿ ನಿಂತಾಗ ಅಣ್ಣ ಬಂದು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ. ಮೊದಮೊದಲು ಹಪ್ಪಳ ತಂದ, ಉಪ್ಪು ಬೇಡ ಅಂದೆ. ಬಾಳೆಹಣ್ಣು ತಂದ, ಹಣ್ಣೂ ಬೇಡ ಅಂದೆ. ಪಾಪ, ಅವನ ಮುಖ ಸಣ್ಣದಾಯಿತು. ಆಮೇಲಿಂದ ಅಬ್ಬಲಿಗೆ ಹೂವಿನ ದಂಡೆ ತರತೊಡಗಿದ. ಅದೊಂದಕ್ಕೆ ಯಾವ ಡಾಕ್ಟರೂ ಬೇಡ ಅಂದಿರಲಿಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಪಕ್ಕದ ಮಂಚ ಹಾವೇರಿ ಕಡೆಯ ಬಸಮ್ಮನದು. ಮೊದಲ ದಿನ ಸೂಜಿ ನೋಡಿ ನಾನು ಕೈ ಹಿಂದಕ್ಕೆ ಎಳೆದುಕೊಂಡಾಗ ಅವಳು ಈ ಕಡೆ ತಿರುಗಿ, "ಅಂಜಬ್ಯಾಡ್ರಿ ಅಕ್ಕಾರ. ಈ ಮಶೀನು ಏನೂ ಮಾಡಂಗಿಲ್ಲ. ಮ್ಯಾಲಿನ ಫ್ಯಾನ್ ನೋಡ್ರಿ, ಅದು ಯಾವಾಗ ಬೀಳತೈತೋ ಅಂತ ನನಗ ಅಂಜಿಕಿ" ಅಂದಳು. ನಿಜವಾಗಿಯೂ ಆ ಫ್ಯಾನು ಓಲಾಡುತ್ತಿತ್ತು. ಮಿಕ್ಸಿ ರಿಪೇರಿಯವನ ಹೆಂಡತಿಯಲ್ಲವೆ, ಬೇರಿಂಗ್ ಹೋಗಿದೆ ಎಂದು ನನಗೆ ಸದ್ದಿನಲ್ಲೇ ಗೊತ್ತಾಯಿತು. ನಾಲ್ಕು ತಾಸು ಅಲುಗಾಡದೆ ಅದರ ಕೆಳಗೆ ಮಲಗಿರಬೇಕು. ನನ್ನ ರಕ್ತ ನಳಿಕೆಯಲ್ಲಿ ಹೊರಗೆ ಹೋಗಿ ತಿರುಗಿ ಬರುವುದನ್ನು ನೋಡುತ್ತಾ, ಎದ್ದು ಓಡಬೇಕು ಅನ್ನಿಸಿದರೂ ಓಡುವುದು ಎಲ್ಲಿಗೆ? ರಕ್ತವೇ ಅಲ್ಲಿದೆ. ಒಂದು ದಿನ ಬಾಯಾರಿಕೆ ತಡೆಯಲಾಗದೆ ಅತ್ತುಬಿಟ್ಟೆ. ಬಸಮ್ಮ ಹೇಳಿದಳು, "ಮಂದಿ ನೀರು ಕುಡಿಯುವಾಗ ಲೋಟಾ ನೋಡಬ್ಯಾಡ್ರಿ, ಮಾರಿ ನೋಡ್ರಿ. ಲೋಟಾ ನೋಡಿದ್ರ ಬಾಯಾರಿಕಿ, ಮಾರಿ ನೋಡಿದ್ರ ಮನಷ್ಯಾರು." ಅವಳು ಬೇಸಿಗೆಗೆ ಮುಂಚೆಯೇ ಬರುವುದು ನಿಲ್ಲಿಸಿದಳು. ಅವಳ ಮಂಚಕ್ಕೆ ಹೊಸ ಚಾದರ ಹಾಸಿದ್ದರು. ನಾನು ಕೇಳಲಿಲ್ಲ, ನರ್ಸೂ ಹೇಳಲಿಲ್ಲ.

ಎಡಗೈಯಲ್ಲಿ ಸೂಜಿ ಚುಚ್ಚಲು ನರ ಜೋಡಿಸಿದ್ದರಿಂದ ಆ ಕೈಗೆ ಬಳೆ ಹಾಕುವಂತಿರಲಿಲ್ಲ. ಮುತ್ತೈದೆಯ ಕೈ ಬೋಳು ಎಂದು ಒಂದಿಬ್ಬರು ಆಡಿದ್ದು ಕಿವಿಗೆ ಬಿತ್ತು. ಆ ಕೈ ಮುಟ್ಟಿದರೆ ಒಳಗೆ ಝುಂ ಎಂದು ಅದುರುತ್ತಿರುತ್ತದೆ. ಇವರು ದಿನಾ ಅಂಗಡಿಗೆ ಹೋಗುವ ಮುಂಚೆ ಅಲ್ಲಿ ಬೆರಳಿಟ್ಟು, "ಮೋಟ್ರು ಸರಿ ಇದ್ದು" ಅನ್ನುತ್ತಿದ್ದರು. ಅವರಿಗೆ ಅಷ್ಟೇ ಬರುವುದು. ನನಗೆ ಅಷ್ಟು ಸಾಕಾಗುತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಗಿಂಡಿಗೆ ಬಾಯಿ ಇಟ್ಟರೆ ಸಿಹಿ. ಎಳನೀರು! ಅತ್ತೆಯ ಮುಖ ನೋಡಿದೆ.

"ಅಳತೆ ಹಂಗೇ ಇದ್ದು. ಒಂದು ಹನಿ ಹೆಚ್ಚಿಲ್ಲೆ" ಅಂದರು ಅತ್ತೆ. "ಕುಡಿಯದು ಇಷ್ಟೇ ಅಂದ್ಮೇಲೆ ಬರೀ ನೀರು ಎಂತಕ್ಕೆ? ಒಳ್ಳೇದಾದ್ರೂ ಕುಡಿ. ದೇಹಕ್ಕೆ ತಂಪು."

ಡಾಕ್ಟರು ನೀರಿಗೆ ಅಳತೆ ಹೇಳಿದ್ದರು, ಹಣ್ಣು ಬೇಡ ಅಂದಿದ್ದರು, ಸೊಪ್ಪು-ತರಕಾರಿ ಬೇಯಿಸಿ ನೀರು ಬಸಿಯಿರಿ ಅಂದಿದ್ದರು. ಎಳನೀರಿನ ಹೆಸರು ಎತ್ತಿರಲಿಲ್ಲ. ನಾವೂ ಕೇಳಿರಲಿಲ್ಲ. ಅದು ನಮಗೆ ನೀರೂ ಅಲ್ಲ, ಹಣ್ಣೂ ಅಲ್ಲ, ಔಷಧ. ಹುಟ್ಟಿದ ಮಗುವಿಗೂ ಹಾಸಿಗೆ ಹಿಡಿದ ಅಜ್ಜನಿಗೂ ಕೊಡುವಂಥದ್ದು. ಅಷ್ಟು ದಿನಗಳ ಮೇಲೆ ನಾಲಿಗೆಗೆ ಸಿಹಿ ಹತ್ತಿತ್ತು. ಅಮೃತ ಅಂದರೆ ಇದೇ ಅನ್ನಿಸಿತು. ಮಾರನೇ ದಿನವೂ ಕುಡಿದೆ, ಅದರ ಮಾರನೇ ದಿನವೂ. ಗುಟುಕು ಗುಟುಕಾಗಿ, ಅತ್ತೆಯನ್ನು ಹರಸುತ್ತಾ ಕುಡಿದೆ.

ಮಶೀನಿನ ದಿನ ಬಸ್ಸು ಹತ್ತುವಾಗಲೇ ಕಾಲು ಸೋಲುತ್ತಿತ್ತು. ನಿದ್ದೆ ಸಾಲದ್ದಕ್ಕೆ ಅಂದುಕೊಂಡೆ. ಶಿರಸಿ ದಾಟಿದ ಮೇಲೆ ತುಟಿಯ ಸುತ್ತ ಜುಮುಜುಮು ಶುರುವಾಯಿತು. ಯಲ್ಲಾಪುರದಲ್ಲಿ ಅಣ್ಣ ಕಿಟಕಿಯಲ್ಲಿ ಹೂವು ಚಾಚಿದ. ತೆಗೆದುಕೊಳ್ಳಲು ಕೈ ಎತ್ತಿದರೆ ಕೈ ಮೇಲೇಳಲಿಲ್ಲ. ಕಾಲನ್ನು ಅಲ್ಲಾಡಿಸಲು ನೋಡಿದೆ, ಅದು ನನ್ನ ಕಾಲೇ ಅಲ್ಲ ಅನ್ನುವ ಹಾಗೆ ಬಿದ್ದಿತ್ತು. ಎದೆ ಒಂದು ಸಲ ಹೊಡೆದುಕೊಂಡರೆ ಇನ್ನೊಂದು ಸಲಕ್ಕೆ ಕಾಯಬೇಕು. ಕಿಟಕಿಯ ಸರಳು, ಮುಂದಿನ ಸೀಟು, ಪಕ್ಕದಲ್ಲಿ ಇವರು. ಇದರೊಳಗೇ ಸಾಯುತ್ತೇನೆ, ಇಳಿಯಲಿಕ್ಕೂ ಆಗದೆ, ತವರಿನ ಸ್ಟ್ಯಾಂಡಿನಲ್ಲಿ, ಅನ್ನಿಸಿತು. "ಎಂಗೆ ಎಂತದೋ ಆಗ್ತಾ ಇದ್ದು" ಅಂದೆ. ನಾಲಿಗೆ ದಪ್ಪವಾಗಿತ್ತು. ಅಣ್ಣ ಬಾಡಿಗೆ ಕಾರು ಕರೆತಂದ. ಹುಬ್ಬಳ್ಳಿಯವರೆಗೂ ಇವರು ನನ್ನ ಎಡಗೈ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. ಮೋಟರಿನ ಮಾತು ಮಾತ್ರ ಆಡಲಿಲ್ಲ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ತಕ್ಷಣ ಮಶೀನಿಗೆ ಹಾಕಿದರು. ಏನು ತಿಂದಿರಿ, ಏನು ಕುಡಿದಿರಿ ಎಂದು ಡಾಕ್ಟರು ಗದರಿಸಿ ಕೇಳಿದಾಗ ಇವರು, "ಏನೂ ಹೆಚ್ಚಿಲ್ಲ ಸರ್, ನೀವು ಹೇಳಿದ ಅಳತೆಯೇ. ಅದೂ ಬರೀ ನೀರಲ್ಲ, ಎಳನೀರು" ಅಂದರು. ಡಾಕ್ಟರು ಕೈಯಲ್ಲಿದ್ದ ಪೆನ್ನು ಎಸೆದರು. ಎಳನೀರಿನಲ್ಲಿರುವ ಪೊಟ್ಯಾಶಿಯಂ ನನ್ನಂಥವರ ರಕ್ತದಲ್ಲಿ ಕೂಡಿಕೊಂಡರೆ ಎದೆಬಡಿತವೇ ನಿಲ್ಲುತ್ತದಂತೆ. "ಇವರನ್ನು ಸಾಯಿಸಬೇಕು ಅಂತ ಮಾಡಿದ್ದೀರಾ?" ಎಂದು ಕೂಗಿದರು. ನನ್ನಂತೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಪ್ರೀತಿಯಿಂದ ಕೊಟ್ಟದ್ದನ್ನೂ ಡಾಕ್ಟರಿಗೆ ಕೇಳಿ ಕುಡಿಯಿರಿ.

ಮನೆಗೆ ಬಂದ ಮೇಲೆ ಇವರು ಡಾಕ್ಟರ ಆ ಮಾತನ್ನು ಒಂದಕ್ಷರ ಬಿಡದೆ ತಾಯಿಗೆ ಹೇಳಿದರು. ಹೇಳಬಾರದಿತ್ತು. ನಾನು ತಡೆಯಲಿಲ್ಲ, ನನಗೂ ಸಿಟ್ಟು ನೆತ್ತಿಗೇರಿತ್ತು. ಅತ್ತೆ ಒಳಗೆ ಹೋಗಿ ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಕವುಚಿಟ್ಟರು. ಮಾರನೇ ದಿನದಿಂದ ಗಿಂಡಿ ನಾನೇ ತುಂಬಿಸಿಕೊಂಡೆ.

ಅಲ್ಲಿಂದ ಮನೆ ಇನ್ನೊಂದು ಥರ ಆಯಿತು. ಅತ್ತೆ ನನಗೆ ಏನನ್ನೂ ಕೊಡುತ್ತಿರಲಿಲ್ಲ, ಅನ್ನ ಬಡಿಸಲೂ ಹಿಂಜರಿಯುತ್ತಿದ್ದರು. ಇನ್ನೂ ವಿಚಿತ್ರವೆಂದರೆ, ಬಂದವರಿಗೆ ಆಸ್ರಿಗೆ ಕೇಳುವುದನ್ನು ಬಿಟ್ಟುಬಿಟ್ಟರು. ನಾನು ಕೇಳಲು ಎದ್ದರೆ, "ಅವಕ್ಕೆ ಗಡಿಬಿಡಿ ಇದ್ದು" ಎಂದು ತಡೆಯುತ್ತಿದ್ದರು. ಬಂದವರು ಒಣ ಬಾಯಲ್ಲಿ ಕೂತು, ಒಣ ಬಾಯಲ್ಲಿ ಎದ್ದು ಹೋದರು. ಆ ಮನೆಯಲ್ಲಿ ಒಂದು ಲೋಟ ನೀರಿಗೂ ಗತಿಯಿಲ್ಲ ಎಂದು ಪೇಟೆಯಲ್ಲಿ ಮಾತಾಯಿತು. ಕ್ರಮೇಣ ಯಾರೂ ಬರಲಿಲ್ಲ. ಮೊದಲು ಜನರ ಕಾಟವಾಗಿತ್ತು, ಈಗ ಸುಮ್ಮನಿರುವ ಗೋಡೆಗಳ ಕಾಟ. ಅತ್ತೆಗೆ ನನ್ನ ಮೇಲೆ ಇಷ್ಟು ಹಗೆಯೇ, ಮನೆಯ ಮರ್ಯಾದೆಯನ್ನೂ ಕಳೆಯುವಷ್ಟು ಹಗೆಯೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಮುಂದಿನ ಬೇಸಿಗೆ ಬಂತು. ಒಂದು ಮಧ್ಯಾಹ್ನ ಸೆಕೆಗೆ ನಿದ್ದೆ ಹತ್ತದೆ ಹಿತ್ತಿಲ ಕಡೆ ಹೋದೆ. ಬಚ್ಚಲಮನೆಯಿಂದ ಯಾರೋ ನೆತ್ತಿ ಹತ್ತಿ ಕೆಮ್ಮುವ ಸದ್ದು. ಬಗ್ಗಿ ನೋಡಿದರೆ ಅತ್ತೆ. ಹಂಡೆಯ ಪಕ್ಕ ಗೋಡೆಗೆ ಮುಖ ಮಾಡಿ ನಿಂತು, ಮೈ ತೊಳೆಯುವ ಚೊಂಬಿನಲ್ಲಿ ನೀರು ಕುಡಿಯುತ್ತಿದ್ದರು. ಗಡಿಬಿಡಿಯಲ್ಲಿ ಕುಡಿದು ಸೆರಗೆಲ್ಲ ಒದ್ದೆಯಾಗಿತ್ತು. ನನ್ನನ್ನು ಕಂಡು ಚೊಂಬು ಬೆನ್ನ ಹಿಂದೆ ಹಿಡಿದರು.

"ಇಲ್ಲೆಂತಕ್ಕೆ ಅತ್ತೆ, ಬಚ್ಚಲಲ್ಲಿ?"

"ಎಂತದೂ ಇಲ್ಲೆ. ಕೈ ತೊಳೀಲೆ ಬಂದಿದ್ದೆ."

"ನೀರು ಕುಡೀತಾ ಇದ್ದಿದ್ರಿ."

ಅತ್ತೆ ಚೊಂಬನ್ನು ಹಂಡೆಯ ಮೇಲಿಟ್ಟರು. ಆಮೇಲೆ ನೆಲ ನೋಡುತ್ತಾ ಹೇಳಿದರು. "ಅಡಿಗೆಮನೇಲಿ ಕುಡದ್ರೆ ಲೋಟದ ಸದ್ದಾಗ್ತು. ನಿಂಗೆ ಕೇಳ್ತು. ನಿನ್ನ ಎದುರಿಗೆ ಯಾರೂ ಕುಡಿಯದು ಬ್ಯಾಡ ಹೇಳಿ ಆತು ಎಂಗೆ. ಕೊಡದು ಅಂತೂ ಎನ್ನ ಕೈಲಿ ಆಗ್ತಿಲ್ಲೆ, ಕೊಟ್ಟು ಒಂದು ಸಲ ನೋಡಾತು. ಇಷ್ಟಾದ್ರೂ ಮಾಡ್ತೆ ಅಂದ್ಕಂಡೆ."

ಆಗ ನನಗೆ ಒಂದೊಂದೇ ಹೊಳೆಯಿತು. ಒಂದು ವರ್ಷದಿಂದ ಆ ಮನೆಯಲ್ಲಿ ಒಬ್ಬರೂ ನನ್ನ ಎದುರಿಗೆ ನೀರು ಕುಡಿದಿರಲಿಲ್ಲ. ಇವರ ಊಟದ ಬದಿಯಲ್ಲಿ ಲೋಟವೇ ಇರುತ್ತಿರಲಿಲ್ಲ, ಅಂಗಡಿಗೆ ಹೋಗಿ ಕುಡಿಯುತ್ತಿದ್ದರಂತೆ. ಬಂದವರ ಮುಂದೆ ಮನೆಯ ಮಾನ ಕಳೆದುಕೊಂಡು ಅತ್ತೆ ಕಾಯುತ್ತಿದ್ದದ್ದು ನನ್ನ ಕಣ್ಣನ್ನು. ನಾನು ಅದನ್ನು ಹಗೆ ಅಂದುಕೊಂಡಿದ್ದೆ. ಅಯ್ಯೋ ದೇವರೇ, ಇಡೀ ಮನೆಯೇ ನನ್ನ ಜೊತೆ ಬಾಯಿ ಕಟ್ಟಿಕೊಂಡು ಕೂತಿತ್ತಲ್ಲ!

ನನಗೆ ಅಳುವೂ ಬಂತು, ಸಿಟ್ಟೂ ಬಂತು. ನನ್ನದು ಸಿಟ್ಟೇ ಮೊದಲು. "ಮಳ್ಳನೇ ನಿಂಗಕ್ಕೆ?" ಎಂದು ಅತ್ತೆಯ ರಟ್ಟೆ ಹಿಡಿದು ಜಗಲಿಗೆ ಎಳೆದುಕೊಂಡು ಬಂದು ಕೂರಿಸಿದೆ. ದೊಡ್ಡ ಲೋಟದ ತುಂಬ ಮುರುಗಲ ಪಾನಕ ಮಾಡಿ ತಂದೆ.

"ಎನ್ನ ಎದುರಿಗೇ ಕುಡಿರಿ."

"ಬ್ಯಾಡದೇ ಸುಮಿತ್ರೆ."

"ನಿಂಗ ಕುಡದ್ರೆ ಎಂಗೆ ಬಾಯಾರ್ತು, ಖರೆ. ನಿಂಗ ಬಚ್ಚಲಲ್ಲಿ ಕುಡದ್ರೆ ಎಂಗೆ ಉಸಿರೇ ಕಟ್ತು. ಕುಡಿರಿ."

ಅತ್ತೆ ಕುಡಿದರು. ನಾನು ಬಸಮ್ಮ ಹೇಳಿದ ಹಾಗೆ ಲೋಟ ನೋಡಲಿಲ್ಲ, ಮುಖ ನೋಡಿದೆ. ಕಣ್ಣು ಮುಚ್ಚಿ ಕುಡಿಯುತ್ತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನ್ನ ಬಾಯಾರಿಕೆ ಏನೂ ಕಡಿಮೆಯಾಗಲಿಲ್ಲ. ಹಾಗೆ ಕಡಿಮೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಮಾರನೇ ದಿನ ಎದ್ದಾಗ ಗಿಂಡಿ ತುಂಬಿತ್ತು. ಬಾಯಿಗಿಟ್ಟು ನೋಡಿದೆ, ಬರೀ ಬಾವಿಯ ನೀರು. ಆ ವಾರ ಅಪರೂಪಕ್ಕೆ ಮನೆಗೆ ಬಂದವರೊಬ್ಬರಿಗೆ ಅತ್ತೆ ಮೊದಲಿನ ಗಟ್ಟಿ ದನಿಯಲ್ಲಿ ಆಸ್ರಿಗೆ ಕೇಳಿದರು.

ಈಗ ಶಿರಸಿಯಲ್ಲೇ ಮಶೀನು ಬಂದಿದೆ. ಯಲ್ಲಾಪುರದ ಬಸ್ಸು ತಪ್ಪಿತು, ಅದರ ಜೊತೆಗೆ ಅಬ್ಬಲಿಗೆಯೂ. ವಾರಕ್ಕೆರಡು ದಿನ ತಪ್ಪಿಲ್ಲ, ಗಿಂಡಿ ತಪ್ಪಿಲ್ಲ, ತಪ್ಪುವುದೂ ಇಲ್ಲ. ಇದರಿಂದ ಬಿಡುಗಡೆ ಇದೆ ಎಂದು ನಾನು ಯಾರಿಗೂ ಹೇಳಲಾರೆ. ಅಭ್ಯಾಸವಾಗುತ್ತದೆ ಎಂದಷ್ಟೇ ಹೇಳಬಲ್ಲೆ.

ಅತ್ತೆ ಈಗಿಲ್ಲ. ಅವರು ಹೋಗುವಾಗ ನಾನು ಹತ್ತಿರವಿರಲಿಲ್ಲ, ಆಗಿನ್ನೂ ಹುಬ್ಬಳ್ಳಿಯೇ, ಅಲ್ಲಿ ಮಶೀನಿಗೆ ಕಟ್ಟಿಕೊಂಡು ಮಲಗಿದ್ದೆ. ಅವತ್ತೊಂದು ದಿನ ಉಳಿದುಕೊಳ್ಳುತ್ತೇನೆಂದರೆ ಇವರು ಬಿಡಲಿಲ್ಲ, ಅತ್ತೆಯೂ ಕಣ್ಣಲ್ಲೇ ಹೋಗು ಅಂದರು. ಅವರು ಹಾಸಿಗೆ ಹಿಡಿದು ವಾರವಾಗಿತ್ತು, ಮಾತು ನಿಂತಂತೆಯೇ ಇತ್ತು. ಬಸ್ಸಿಗೆ ಹೊರಡುವ ಮುಂಚೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಬಾಯಿಗೆ ನೀರು ಬಿಟ್ಟೆ. ಒಂದು ಚಮಚ ಗುಟುಕರಿಸಿದರು. ಎರಡನೆಯದಕ್ಕೆ ತುಟಿ ಬಿಗಿ ಹಿಡಿದು, ಕಣ್ಣು ತೆರೆದು ನನ್ನನ್ನೇ ನೋಡಿದರು.

"ಇದು ನಿನ್ನ ಗಿಂಡೀದಲ್ಲ, ಅಲ್ದನೇ?"

"ಅಲ್ಲ ಅತ್ತೆ. ಕೊಡಪಾನದ್ದು" ಅಂದೆ.

ಆಮೇಲೆ ಬಾಯಿ ತೆರೆದರು.